ಬ್ಲೋವರ್ ಟ್ರಕ್ ಕರೆಸಿ ಅಂಗಳಕ್ಕೆ ಬಾರ್ಕ್ ಹಾಸುವುದು: ಒರೆಗಾನ್‌ನಲ್ಲಿ ಮನೆ ಮಾಡಿದವರಿಗೆ

ಏಪ್ರಿಲ್ ಬಂತೆಂದರೆ ಪೋರ್ಟ್‌ಲ್ಯಾಂಡ್ ಸುತ್ತಲಿನ ಬೀವರ್ಟನ್, ಹಿಲ್ಸ್‌ಬರೊ ಬೀದಿಗಳಲ್ಲಿ ಒಂದು ದೊಡ್ಡ ಗುಂಯ್ ಸದ್ದು ಶುರುವಾಗುತ್ತದೆ. ರಸ್ತೆ ಬದಿಗೆ ಒಂದು ಟ್ರಕ್ ನಿಂತಿರುತ್ತದೆ. ಅದರ ಹಿಂಬದಿಯಿಂದ ತೋಳಿನ ದಪ್ಪದ ಹೋಸ್ ಹೊರಟು, ಮನೆಯ ಪಕ್ಕದ ಓಣಿಯಲ್ಲಿ ತೂರಿ, ಹಿತ್ತಿಲಿಗೆ ಹೋಗಿರುತ್ತದೆ. ಅದರ ತುದಿ ಹಿಡಿದ ಒಬ್ಬರು ಗಿಡಗಳ ನಡುವೆ ಕಂದು ತೊಗಟೆಪುಡಿಯನ್ನು, ಅಂದರೆ ಬಾರ್ಕನ್ನು, ಅತ್ತಿಂದಿತ್ತ ಬೀಸುತ್ತಾ ಹಿಂದೆ ಹಿಂದೆ ಸರಿಯುತ್ತಿರುತ್ತಾರೆ. ನೋಡನೋಡುತ್ತಾ ಇಡೀ ಅಂಗಳಕ್ಕೆ ಹೊದಿಕೆ ಬಿದ್ದಿರುತ್ತದೆ.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವಳು. ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಒಣ ಎಲೆ, ಗುಡಿಸಿ, ಹಗ್ಗದ ಬಲೆಯಂಥ ಕಲ್ಲಿಗೆ ತುಂಬಿ, ತಲೆ ಮೇಲೆ ಹೊತ್ತು ತಂದು ತೋಟಕ್ಕೆ ಹಾಸುತ್ತಿದ್ದೆವು. ಇಲ್ಲಿ ಮಾಡುವುದೂ ಅದೇ ಕೆಲಸವೇ. ಮಣ್ಣಿನ ತೇವ ಉಳಿಸುವುದು, ಕಳೆ ಹುಟ್ಟದಂತೆ ಮಾಡುವುದು, ಮಳೆಹನಿ ನೇರವಾಗಿ ಮಣ್ಣಿಗೆ ಹೊಡೆಯದಂತೆ ತಡೆಯುವುದು. ಒಂದು ವ್ಯತ್ಯಾಸ ಮಾತ್ರ ಇದೆ. ತಲೆಹೊರೆಯಲ್ಲಿ ತಂದ ದರಕನ್ನು ಯಾರೂ ಜಾಸ್ತಿ ಹಾಕುವುದಿಲ್ಲ. ಯಂತ್ರದಿಂದ ಹಾಕುವಾಗ ಜಾಸ್ತಿ ಹಾಕುವುದು ತುಂಬಾ ಸುಲಭ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಅದರಿಂದಲೇ ಆದವು. ಹಾಗಾಗಿ ಈ ಲೇಖನದಲ್ಲಿ ಟ್ರಕ್ ಬರುವ ಮೊದಲು ಮಾಡಬೇಕಾದ್ದನ್ನೇ ಹೆಚ್ಚಾಗಿ ಹೇಳಿದ್ದೇನೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ

ಇದನ್ನು ತಿಳಿದುಕೊಂಡರೆ ಕೆಲಸದವರ ಹತ್ತಿರ ಮಾತಾಡುವುದು ಸುಲಭ. ಟ್ರಕ್‌ನ ಡಬ್ಬದಲ್ಲಿ ಬಾರ್ಕ್ ತುಂಬಿರುತ್ತದೆ. ಡಬ್ಬದ ನೆಲ ನಿಧಾನವಾಗಿ ಹಿಂದಕ್ಕೆ ಚಲಿಸುತ್ತಾ ಬಾರ್ಕನ್ನು ಒಂದು ತಿರುಗುವ ಫೀಡರ್‌ಗೆ ತಂದು ಹಾಕುತ್ತದೆ. ಆ ಫೀಡರ್‌ನಲ್ಲಿ ಹಲಗೆಗಳಂಥ ರೆಕ್ಕೆಗಳಿರುತ್ತವೆ. ಅವು ಬಾರ್ಕನ್ನು ಕೆಳಗೆ ಬಿಡುತ್ತವೆ, ಗಾಳಿಯನ್ನು ಮೇಲಕ್ಕೆ ಬಿಡುವುದಿಲ್ಲ. ಕೆಳಗೆ ದೊಡ್ಡ ಬ್ಲೋವರ್ ಗಾಳಿ ತಳ್ಳುತ್ತಿರುತ್ತದೆ. ಆ ಗಾಳಿಯೇ ಬಾರ್ಕನ್ನು ಹೋಸ್ ತುಂಬಾ ಓಡಿಸಿಕೊಂಡು ಹೋಗುತ್ತದೆ. ಹೋಸ್ ಸಾಮಾನ್ಯವಾಗಿ 4 ಅಥವಾ 5 ಇಂಚು ಅಗಲ ಇರುತ್ತದೆ. 150 ಅಡಿ ದೂರ ಸಲೀಸಾಗಿ ಹೋಗುತ್ತದೆ, ದೊಡ್ಡ ಟ್ರಕ್ ಆದರೆ ಅದರ ಎರಡರಷ್ಟು ದೂರಕ್ಕೂ ಎಳೆಯುತ್ತಾರೆ.

ಹೋಸ್ ಹಿಡಿದವರ ಸೊಂಟದಲ್ಲಿ ಒಂದು ರಿಮೋಟ್ ಇರುತ್ತದೆ. ಬಾರ್ಕ್ ಬರುವುದನ್ನು ಕಡಿಮೆ ಮಾಡುವುದು, ನಿಲ್ಲಿಸುವುದು ಅವರ ಕೈಯಲ್ಲೇ ಇದೆ. ಇದನ್ನು ನೆನಪಿಡಿ. "ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿ" ಅಂತ ಕೇಳಿದರೆ ಅವರು ಖಂಡಿತ ಮಾಡಬಲ್ಲರು. ಹಾಗೆ ಮಾಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಂಥ ಟ್ರಕ್‌ಗಳಲ್ಲಿ ಹೆಸರಾದ ಎಕ್ಸ್‌ಪ್ರೆಸ್ ಬ್ಲೋವರ್ ಹುಟ್ಟಿದ್ದು ಇದೇ ಒರೆಗಾನ್‌ನ ಯುಜೀನ್ ಊರಿನಲ್ಲಿ. ಅದು ಆಕಸ್ಮಿಕವೇನಲ್ಲ. ಸುತ್ತಲೂ ಮರ ಕೊಯ್ಯುವ ಮಿಲ್‌ಗಳು, ಮಿಲ್‌ಗಳಲ್ಲಿ ಗುಡ್ಡದಷ್ಟು ತೊಗಟೆ. ಇಲ್ಲಿನ ಜನ ಅದನ್ನು ಬಾರ್ಕ್‌ಡಸ್ಟ್ ಅನ್ನುತ್ತಾರೆ. ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಅದಕ್ಕೇ ಬ್ಯೂಟಿ ಬಾರ್ಕ್ ಅನ್ನುತ್ತಾರೆ.

ಮೊದಲು ಅಳತೆ

ಫೋನ್ ಮಾಡುವ ಮೊದಲು ಟೇಪ್ ಹಿಡಿದು ಅಂಗಳಕ್ಕೆ ಇಳಿಯಿರಿ. ಗಿಡದ ಪಾತಿ ಒಂದೊಂದನ್ನೂ ಉದ್ದ ಅಗಲ ಅಳೆಯಿರಿ. ಓರೆಕೋರೆ ಇದ್ದರೆ ಎರಡು ಮೂರು ಚೌಕಗಳಾಗಿ ಮನಸ್ಸಿನಲ್ಲೇ ಕತ್ತರಿಸಿಕೊಳ್ಳಿ.

ಲೆಕ್ಕ ಸುಲಭ. ಒಂದು ಕ್ಯೂಬಿಕ್ ಯಾರ್ಡ್ ಅಂದರೆ 27 ಘನ ಅಡಿ. ಅದನ್ನು 2 ಇಂಚು ದಪ್ಪ ಹಾಸಿದರೆ 162 ಚದರ ಅಡಿ ಮುಚ್ಚುತ್ತದೆ, 3 ಇಂಚು ಹಾಸಿದರೆ 108 ಚದರ ಅಡಿ. ಪೋರ್ಟ್‌ಲ್ಯಾಂಡ್ ಕಡೆ ಇನ್ನೊಂದು ಅಳತೆ ಇದೆ, ಹೊಸಬರಿಗೆ ಅದು ಗೊತ್ತಿರುವುದಿಲ್ಲ. ಇಲ್ಲಿ ಬಾರ್ಕನ್ನು 'ಯೂನಿಟ್' ಲೆಕ್ಕದಲ್ಲಿ ಮಾರುತ್ತಾರೆ. ಒಂದು ಯೂನಿಟ್ ಅಂದರೆ ಸುಮಾರು 200 ಘನ ಅಡಿ, ಅಂದರೆ ಏಳೂವರೆ ಯಾರ್ಡ್. ಅಂಗಡಿಯಲ್ಲಿ ಸಿಗುವ 2 ಘನ ಅಡಿಯ ಚೀಲದಲ್ಲಿ ಹೇಳುವುದಾದರೆ ನೂರು ಚೀಲ. ಫೋನಿನಲ್ಲಿ "ಎರಡು ಹಾಕಿ" ಅಂದರೆ ನಿಮ್ಮ ಮನಸ್ಸಿನಲ್ಲಿ ಎರಡು ಯಾರ್ಡ್ ಇರಬಹುದು, ಅವರು ಬರೆದುಕೊಳ್ಳುವುದು ಎರಡು ಯೂನಿಟ್.

ನನಗೆ ಆದದ್ದು ಹತ್ತಿರ ಹತ್ತಿರ ಇದೇ. ಮೊದಲ ವರ್ಷ ನಾನು ಅಳೆಯಲಿಲ್ಲ. ಬಂದವರು ಕಣ್ಣಳತೆಯಲ್ಲಿ ಎರಡು ಯೂನಿಟ್ ಅಂದರು, ನಾನು ಹೂಂ ಅಂದೆ. ಬೇಕಾಗಿದ್ದುದು ಒಂದಕ್ಕಿಂತ ಕಡಿಮೆ. ತಂದದ್ದನ್ನೆಲ್ಲ ಊದಿ ಹೋದರು. ಕಿಟಕಿ ಕೆಳಗಿನ ರೋಡೊಡೆಂಡ್ರನ್ ಗಿಡಗಳ ಬುಡದಲ್ಲಿ ಆರು ಇಂಚು ಬಾರ್ಕ್ ಕೂತಿತು. ರೋಡೊಡೆಂಡ್ರನ್ ಬೇರು ನೆಲದ ಮೇಲ್ಪದರದಲ್ಲೇ ಹರಡುವಂಥದ್ದು. ಅದಕ್ಕೆ ಉಸಿರಾಡಲು ಜಾಗವಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಎಲೆ ಹಳದಿಯಾಗಿ ಎರಡು ಗಿಡ ಸತ್ತವು. ಹಿಂದಿನ ಮಾಲೀಕರು ಪ್ರೀತಿಯಿಂದ ಬೆಳೆಸಿದ ಗಿಡಗಳು. ಈಗಲೂ ಆ ಜಾಗ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಒಂದು ಉದಾಹರಣೆ ನೋಡಿ. ಮುಂದಿನ ಪಾತಿ 30ಕ್ಕೆ 6 ಅಡಿ, ಪಕ್ಕದ್ದು 40ಕ್ಕೆ 4, ಹಿತ್ತಿಲಿನದು 50ಕ್ಕೆ 8. ಒಟ್ಟು 740 ಚದರ ಅಡಿ. ಖಾಲಿ ಮಣ್ಣಾದರೆ 3 ಇಂಚು ಬೇಕು, ಏಳು ಯಾರ್ಡ್‌ಗೆ ಸ್ವಲ್ಪ ಕಡಿಮೆ. ಒಂದು ಯೂನಿಟ್ ಧಾರಾಳ ಸಾಕು. ಆದರೆ ಹಳೇ ಬಾರ್ಕ್ ಇನ್ನೂ ಒಂದೆರಡು ಇಂಚು ಉಳಿದಿದ್ದರೆ ಮೇಲೆ ಒಂದು ಇಂಚು ಹಾಕಿದರೆ ಆಯಿತು. ಆಗ ಬೇಕಾಗುವುದು ಎರಡೂಕಾಲು ಯಾರ್ಡ್ ಅಷ್ಟೇ. ಹಳೇದು ಎಷ್ಟಿದೆ ಎಂದು ನೋಡಲು ಕೈಯಿಂದ ಕೆದಕಿ, ಬೆರಳು ಇಳಿಸಿ. ಬೆರಳಿನ ಒಂದು ಗೆಣ್ಣು ಸುಮಾರು ಒಂದು ಇಂಚು. ಹಳೇದು ಹೊಸದು ಸೇರಿ ಮೂರು ಗೆಣ್ಣು ದಾಟಬಾರದು.

ಎರಡು ಮೂರು ಯಾರ್ಡ್ ಮಾತ್ರ ಬೇಕಾದರೆ ಟ್ರಕ್ ಕರೆಸುವುದು ಲಾಭವಲ್ಲ. ಹೆಚ್ಚಿನವರು ಇಷ್ಟಕ್ಕಿಂತ ಕಡಿಮೆಗೆ ಬರುವುದಿಲ್ಲ ಎಂದು ಒಂದು ಮಿತಿ ಇಟ್ಟಿರುತ್ತಾರೆ. ಆ ಮಿತಿ ಮುಟ್ಟಲೆಂದು ಜಾಸ್ತಿ ಹಾಕಿಸಬೇಡಿ. ಕೈಗಾಡಿಯಲ್ಲಿ ನೀವೇ ಹಾಕಿ, ಇಲ್ಲವೇ ಪಕ್ಕದ ಮನೆಯವರನ್ನು ಕೇಳಿ. ನಮ್ಮ ಬೀದಿಯಲ್ಲಿ ಮೂರು ಮನೆಯವರು ಸೇರಿ ಒಂದೇ ದಿನ ಕರೆಸುತ್ತೇವೆ. ಟ್ರಕ್ ಒಂದೇ ಕಡೆ ನಿಂತಿರುತ್ತದೆ, ಹೋಸ್ ಮಾತ್ರ ಮನೆಯಿಂದ ಮನೆಗೆ ಹೋಗುತ್ತದೆ.

ಯಾವ ಬಾರ್ಕ್

ಇಲ್ಲಿ ಮುಖ್ಯವಾಗಿ ಎರಡು ಜಾತಿ. ಡಗ್ಲಸ್ ಫರ್ ಮತ್ತು ಹೆಮ್‌ಲಾಕ್. ಡಗ್ಲಸ್ ಫರ್ ಒರೆಗಾನ್‌ನ ರಾಜ್ಯ ಮರ, ಬೇಕಾದಷ್ಟು ಸಿಗುತ್ತದೆ, ಅಗ್ಗ. ಆದರೆ ಅದರಲ್ಲಿ ಸಣ್ಣ ಸಿಬಿರು ಇರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಕೂದಲಿನಷ್ಟು ಸಣ್ಣ ಮುಳ್ಳು ಚರ್ಮಕ್ಕೆ ಹೊಕ್ಕುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಬರಿಗಾಲಲ್ಲಿ ಓಡಾಡುವ ಮಕ್ಕಳಿದ್ದರೆ, ಪಾತಿಯಲ್ಲಿ ಕೂತು ಕಳೆ ಕೀಳುವ ಅಮ್ಮ ಅತ್ತೆ ಊರಿಂದ ಬರುವವರಿದ್ದರೆ, ಸ್ವಲ್ಪ ಜಾಸ್ತಿ ಕೊಟ್ಟು ಹೆಮ್‌ಲಾಕ್ ಹಾಕಿಸಿ. ಅದರಲ್ಲಿ ಸಿಬಿರು ಕಡಿಮೆ, ಕೆಂಪುಛಾಯೆಯ ಬಣ್ಣ.

ಬಡಾವಣೆಯ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಬಣ್ಣದ ಬಗ್ಗೆ ನಿಯಮ ಮಾಡಿರಬಹುದು. ಮುಂದಿನ ಅಂಗಳಕ್ಕೆ ಹಾಕಿಸುವ ಮೊದಲು ಒಮ್ಮೆ ಓದಿಕೊಳ್ಳಿ.

ಟ್ರಕ್ ಬಂದಾಗ ಬಾರ್ಕಿನ ವಾಸನೆ ನೋಡಿ. ಮಳೆ ಬಿದ್ದ ಕಾಡಿನ ವಾಸನೆ ಬಂದರೆ ಒಳ್ಳೆಯದು. ವಿನೆಗರ್ ಥರ ಹುಳಿ ವಾಸನೆ, ಇಲ್ಲವೇ ಅಮೋನಿಯಾದ ಘಾಟು ಬಂದರೆ ಅದು ದೊಡ್ಡ ರಾಶಿಯ ಒಳಗೆ ಗಾಳಿಯಿಲ್ಲದೆ ಹುಳಿತ ಮಾಲು. ಅದನ್ನು ಹಾಕಿದರೆ ಎಳೆ ಗಿಡಗಳ ಎಲೆ ಒಂದೆರಡು ದಿನದಲ್ಲೇ ಸುಟ್ಟಂತಾಗುತ್ತದೆ. ವಾಪಸ್ ಕಳಿಸಿ. ಸಂಕೋಚ ಬೇಡ.

ಯಾವಾಗ

ಪೋರ್ಟ್‌ಲ್ಯಾಂಡ್‌ಗೆ ವರ್ಷಕ್ಕೆ ಸುಮಾರು 36 ಇಂಚು ಮಳೆ. ಹೆಚ್ಚಿನದೆಲ್ಲ ಚಳಿಗಾಲದಲ್ಲಿ. ನಮ್ಮ ಮಲೆನಾಡಿಗೆ ತಿರುವುಮುರುವು, ಇಲ್ಲಿ ಜುಲೈ ಆಗಸ್ಟ್‌ನಲ್ಲಿ ಹನಿ ಬೀಳುವುದೇ ಅಪರೂಪ. ಆದ್ದರಿಂದ ಮಣ್ಣು ಒದ್ದೆ ಇರುವಾಗಲೇ ಮುಚ್ಚಬೇಕು. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ನನಗೆ ಸರಿಯಾಗಿ ಕಾಣುತ್ತದೆ. ಜೂನ್ ಕೊನೆಗೆ ಮಣ್ಣು ಒಣಗಿದ ಮೇಲೆ ಹಾಕಿದರೆ ಬಾರ್ಕ್ ಒಣ ಮಣ್ಣನ್ನೇ ಮುಚ್ಚಿ ಕಾಪಾಡುತ್ತದೆ. ತಡವಾಗಿದ್ದರೆ ಹಿಂದಿನ ದಿನ ಚೆನ್ನಾಗಿ ನೀರು ಹಾಯಿಸಿ.

2021ರ ಜೂನ್ 28ರಂದು ಇಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46.7 ಡಿಗ್ರಿ ಸೆಲ್ಸಿಯಸ್ ಆಯಿತು. ಅವತ್ತು ಮಧ್ಯಾಹ್ನ ನಮ್ಮ ಹಿತ್ತಿಲಿನಲ್ಲಿ ಬರಿ ಮಣ್ಣು ಕಾವಲಿಯಂತಿತ್ತು. ಬಾರ್ಕ್ ಸರಿಸಿ ಕೈ ಇಟ್ಟರೆ ಒಳಗೆ ತಂಪು. ಎರಡು ಇಂಚಿನ ಹೊದಿಕೆ ಎಷ್ಟು ಕೆಲಸ ಮಾಡುತ್ತದೆ ಎಂದು ಆ ದಿನ ಅಂಗೈಗೆ ಗೊತ್ತಾಯಿತು.

ಡ್ಯಾಫೊಡಿಲ್, ಟ್ಯುಲಿಪ್ ಗಡ್ಡೆಗಳಿದ್ದರೆ ಅವು ಮೊಳಕೆ ತೆಗೆದು ನಿಂತಿರುವಾಗ ಟ್ರಕ್ ಕರೆಸಬೇಡಿ. ಊದುವ ರಭಸಕ್ಕೆ ದಂಟು ಮುರಿಯುತ್ತದೆ. ಹೂ ಮುಗಿಯಲಿ. ಮಳೆ ಜೋರಾಗಿರುವ ದಿನವೂ ಬೇಡ. ತೊಯ್ದ ಬಾರ್ಕ್ ಹೋಸಿನಲ್ಲಿ ಕಟ್ಟಿಕೊಳ್ಳುತ್ತದೆ, ಪಾತಿಯಲ್ಲೂ ಗಟ್ಟಿ ಗಟ್ಟಿಯಾಗಿ ಬೀಳುತ್ತದೆ.

ಹಿಂದಿನ ಎರಡು ದಿನ: ನಿಮ್ಮ ಪಾಲಿನ ಕೆಲಸ

ಬಾರ್ಕ್ ಊದುವುದು ಒಂದು ಗಂಟೆಯ ಕೆಲಸ. ಅದಕ್ಕೆ ಅಂಗಳ ಸಿದ್ಧ ಮಾಡುವುದು ಒಂದು ಶನಿವಾರ, ಒಂದು ಭಾನುವಾರ. ಇದನ್ನು ಬಿಟ್ಟರೆ ಕೊಟ್ಟ ದುಡ್ಡು ಅರ್ಧ ವ್ಯರ್ಥ.

ಕಳೆಯನ್ನು ಬೇರು ಸಮೇತ ಕೀಳಿ. ಹೊದಿಕೆ ಹೊಸ ಬೀಜ ಮೊಳೆಯುವುದನ್ನು ತಡೆಯುತ್ತದೆ. ಆಗಲೇ ಬೇರೂರಿದ ಡ್ಯಾಂಡಲಿಯನ್, ಬೈಂಡ್‌ವೀಡ್ ಬಳ್ಳಿಯನ್ನು ಅದು ಏನೂ ಮಾಡುವುದಿಲ್ಲ. ಮೂರು ವಾರದಲ್ಲಿ ಹೊಸ ಬಾರ್ಕ್ ಸೀಳಿಕೊಂಡು ಮೇಲೆ ಬರುತ್ತವೆ. ಹಳೇ ಬಾರ್ಕ್ ಹಪ್ಪಳದಂತೆ ಗಟ್ಟಿಯಾಗಿದ್ದರೆ ರೇಕ್‌ನಿಂದ ಕೆದಕಿ ಸಡಿಲ ಮಾಡಿ. ಆ ಪದರ ನೀರನ್ನು ಒಳಗೆ ಬಿಡದೆ ಜಾರಿಸುತ್ತದೆ.

ಹುಲ್ಲುಹಾಸಿಗೂ ಪಾತಿಗೂ ನಡುವೆ ಸನಿಕೆಯಿಂದ ಮೂರು ಇಂಚು ಆಳದ ಒಂದು ಗೆರೆ ಕಡಿಯಿರಿ. ಬಾರ್ಕ್ ಆ ತಗ್ಗಿನಲ್ಲಿ ನಿಲ್ಲುತ್ತದೆ, ಹುಲ್ಲಿನ ಮೇಲೆ ಉರುಳುವುದಿಲ್ಲ. ನೋಡಲೂ ಚೆಂದ. ಕಾಲುದಾರಿಗೆ ತಾಗಿದ ಪಾತಿಯಲ್ಲಿ ಮಣ್ಣು ಸಿಮೆಂಟಿಗಿಂತ ಎತ್ತರ ಇದ್ದರೆ ಅಂಚಿನಲ್ಲಿ ಸ್ವಲ್ಪ ಮಣ್ಣು ತೆಗೆಯಿರಿ. ಇಲ್ಲದಿದ್ದರೆ ಮೊದಲ ಮಳೆಗೆ ಬಾರ್ಕ್ ದಾರಿಗೆ ಬರುತ್ತದೆ, ಅಲ್ಲಿಂದ ಚರಂಡಿಗೆ ಹೋಗುತ್ತದೆ.

ಸ್ಪ್ರಿಂಕ್ಲರ್ ತಲೆಗಳ ಪಕ್ಕ ಸಣ್ಣ ಬಾವುಟ ಚುಚ್ಚಿ. ದಾರಿದೀಪದ ವೈರು, ಡ್ರಿಪ್ ಪೈಪು ಎಲ್ಲಿವೆ ಎಂದು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಹುಡುಕುವುದು ಕಷ್ಟ. ಚಿಕ್ಕ ಗಿಡಗಳ ಮೇಲೆ ನರ್ಸರಿಯ ಖಾಲಿ ಕುಂಡಗಳನ್ನು ಬೋರಲು ಹಾಕಿ. ಊದಿ ಮುಗಿದ ಮೇಲೆ ಕುಂಡ ಎತ್ತಿದರೆ ಗಿಡದ ಸುತ್ತ ತಾನೇ ತಾನಾಗಿ ಒಂದು ಖಾಲಿ ಉಂಗುರ ಉಳಿದಿರುತ್ತದೆ. ಇದು ನಾನು ಮಾಡಿ ನೋಡಿದ ಉಪಾಯಗಳಲ್ಲೆಲ್ಲ ಅತ್ಯಂತ ಅಗ್ಗದ್ದು, ಅತ್ಯಂತ ಉಪಯೋಗದ್ದು.

ಗಿಡದ ಕೆಳಗೆ ಹಿಂದಿನವರು ಕಳೆ ತಡೆಯುವ ಲ್ಯಾಂಡ್‌ಸ್ಕೇಪ್ ಬಟ್ಟೆ ಹಾಸಿದ್ದರೆ, ಅದರಲ್ಲೂ ಇಳಿಜಾರಿನಲ್ಲಿದ್ದರೆ, ತೆಗೆದುಬಿಡಿ. ಬಟ್ಟೆಯ ಮೇಲೆ ಬಾರ್ಕ್ ಜಾರುಬಂಡೆಯಲ್ಲಿ ಜಾರಿದಂತೆ ಕೆಳಗೆ ಹೋಗುತ್ತದೆ. ಮೇಲೆ ಕೊಳೆತ ಬಾರ್ಕಿನಲ್ಲೇ ಕಳೆ ಹುಟ್ಟಿ ಬೇರು ಬಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಕೀಳಲೂ ಬರುವುದಿಲ್ಲ. ಮಾಡಿನ ನೀರು ಬೀಳುವ ಪೈಪಿನ ಬಾಯಿಗೆ ಬಾರ್ಕ್ ಬೇಡ, ಉರುಟು ಕಲ್ಲು ಹಾಕಿ.

ತರಕಾರಿ ಮಡಿಗಳನ್ನು ಬೇರೆಯಾಗಿ ಗುರುತು ಮಾಡಿ. ಕೊತ್ತಂಬರಿ, ಮೆಂತ್ಯ, ಹರಿವೆ ಬಿತ್ತುವ ಜಾಗಕ್ಕೆ ಬಾರ್ಕ್ ಬಿದ್ದರೆ ಆ ಸಣ್ಣ ಬೀಜ ಮೇಲೆ ಬರುವುದೇ ಇಲ್ಲ. ಅಗೆಯುವಾಗ ಬಾರ್ಕ್ ಮಣ್ಣಿನೊಳಗೆ ಸೇರಿದರೆ ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಸೊಪ್ಪು ಹಳದಿಯಾಗುತ್ತದೆ. ಮೇಲೆ ಸುಮ್ನೆ ಹಾಸಿದ ಬಾರ್ಕ್‌ನಿಂದ ಗಿಡಗಳಿಗೆ ಆ ತೊಂದರೆ ಇಲ್ಲ, ಒಳಗೆ ಬೆರೆತರೆ ಮಾತ್ರ. ತರಕಾರಿಗೆ ಕಾಂಪೋಸ್ಟ್ ಬೇಕು. ಇದೇ ಟ್ರಕ್‌ಗಳು ಕಾಂಪೋಸ್ಟನ್ನೂ ಊದುತ್ತವೆ, ಬುಕ್ ಮಾಡುವಾಗಲೇ ಕೇಳಿ.

ಕೆಲವರು ಬಾರ್ಕ್ ಜೊತೆ ಕಳೆ ಮೊಳೆಯದ ಔಷಧಿ ಬೆರೆಸಿ ಊದುತ್ತೇವೆ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದಕ್ಕೆ ಕಳೆಯ ಬೀಜ ಯಾವುದು, ನೀವು ಚೆಲ್ಲಿದ ಹೂವಿನ ಬೀಜ ಯಾವುದು ಎಂಬ ಭೇದ ಗೊತ್ತಿಲ್ಲ.

ಅವತ್ತಿನ ಬೆಳಿಗ್ಗೆ

ಕಿಟಕಿ ಎಲ್ಲ ಮುಚ್ಚಿ. ಬಟ್ಟೆ ಒಣಗಿಸುವ ಡ್ರೈಯರ್ ಬಂದ್ ಮಾಡಿ. ಹೊರಗಿನ ಎಸಿ ಪೆಟ್ಟಿಗೆ ಆರಿಸಿ, ಹಳೇ ಬೆಡ್‌ಶೀಟ್ ಹೊದಿಸಿ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯಬೇಡಿ. ಕಾರು ದೂರ ನಿಲ್ಲಿಸಿ, ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ. ಧೂಳು ಏಳುತ್ತದೆ, ಅದರಲ್ಲಿ ಬೂಷ್ಟಿನ ಕಣವೂ ಇರುತ್ತದೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅವತ್ತು ಒಂದೆರಡು ಗಂಟೆ ಅವರು ಬೇರೆ ಕಡೆ ಇರುವುದೇ ಒಳ್ಳೆಯದು. ಮಕ್ಕಳು, ನಾಯಿ ಒಳಗಿರಲಿ.

ಟ್ರಕ್ ರಸ್ತೆಯಲ್ಲೇ ನಿಲ್ಲಲಿ. ಡ್ರೈವ್‌ವೇ ಮೇಲೆ ಹತ್ತಿಸಲು ಬಿಡಬೇಡಿ. ತುಂಬಿದ ಟ್ರಕ್ಕಿನ ಭಾರಕ್ಕೆ ಸಿಮೆಂಟು ಬಿರುಕು ಬಿಡುತ್ತದೆ. ಅಷ್ಟು ಉದ್ದದ ಹೋಸ್ ಇರುವುದೇ ಅದಕ್ಕೆ ಅಲ್ವಾ.

ಹೋಸ್ ಹಿಡಿಯುವವರ ಜೊತೆ ಒಂದು ಸುತ್ತು ನಡೆಯಿರಿ. ಬರೀ ಟ್ರಕ್ ಚಾಲಕರಿಗೆ ಹೇಳಿದರೆ ಸಾಲದು. ಎಲ್ಲಿ ಎರಡು ಇಂಚು, ಎಲ್ಲಿ ಒಂದೇ ಇಂಚು, ಎಲ್ಲಿ ಬೇಡವೇ ಬೇಡ ಎಂದು ಕೈ ತೋರಿಸಿ ಹೇಳಿ. ಆಮೇಲೆ ಇಷ್ಟು ಕೇಳಿ: "ಮೊದಲು ಒಂದು ಚಾಪೆಯಷ್ಟು ಜಾಗಕ್ಕೆ ಊದಿ ನಿಲ್ಲಿಸಿ, ನೋಡೋಣ." ಅವರು ನಿಲ್ಲಿಸಿದಾಗ ಬೆರಳು ಇಳಿಸಿ ದಪ್ಪ ನೋಡಿ. ಆ ದಪ್ಪ ಅವರ ಕಣ್ಣಿಗೂ ಕೂರುತ್ತದೆ, ಉಳಿದದ್ದನ್ನು ಅದೇ ಲೆಕ್ಕದಲ್ಲಿ ಹಾಕುತ್ತಾರೆ. ಈ ಒಂದು ನಿಮಿಷ ನನ್ನ ರೋಡೊಡೆಂಡ್ರನ್‌ಗಳನ್ನು ಉಳಿಸುತ್ತಿತ್ತು.

ಊದುವಾಗ ನೋಡಬೇಕಾದ್ದು

ಚೆನ್ನಾಗಿ ಕೆಲಸ ಬಲ್ಲವರು ದೂರದ ಮೂಲೆಯಿಂದ ಶುರು ಮಾಡಿ ಟ್ರಕ್ ಕಡೆಗೆ ಹಿಂದೆ ಬರುತ್ತಾರೆ. ಹಾಸಿದ ಜಾಗದ ಮೇಲೆ ಹೋಸ್ ಎಳೆದಾಡುವುದಿಲ್ಲ. ಹೋಸಿನ ಬಾಯಿ ಕೆಳಗೆ ಬಾಗಿಸಿ, ಒಂದೇ ಕಡೆ ನಿಲ್ಲಿಸದೆ, ಗದ್ದೆಗೆ ಬೀಜ ಬೀರುವ ಹಾಗೆ ಬೀಸುತ್ತಾರೆ. ಮನೆ ಹತ್ತಿರ ಬಂದಾಗ ಗೋಡೆಗೆ ಬೆನ್ನು ಹಾಕಿ ಹೊರಗಡೆಗೆ ಊದುತ್ತಾರೆ. ಗೋಡೆ ಕಡೆಗೆ ಊದಿದರೆ ಬಾರ್ಕ್ ಸೈಡಿಂಗ್ (ಹೊರಗೋಡೆಯ ಹಲಗೆ ಹೊದಿಕೆ) ಸಂದಿಗೆ, ನೆಲಮಾಳಿಗೆಯ ಗಾಳಿಕಿಂಡಿಗೆ ಹೊಕ್ಕುತ್ತದೆ. ಸೈಡಿಂಗ್‌ನ ಕೆಳಗಂಚಿಗೂ ಬಾರ್ಕಿಗೂ ನಡುವೆ ಆರು ಇಂಚು ಗೋಡೆ ಕಾಣುತ್ತಿರಬೇಕು. ಈ ಒದ್ದೆ ಊರಿನಲ್ಲಿ ಸೈಡಿಂಗ್‌ಗೆ ಬಾರ್ಕ್ ತಾಗಿದರೆ ಮರ ಕೊಳೆಯುತ್ತದೆ, ಕಾರ್ಪೆಂಟರ್ ಇರುವೆಗೆ ದಾರಿಯಾಗುತ್ತದೆ.

ಮರದ ಬುಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಂಥ ತೋಟದವರು ತಪ್ಪುವುದು ಇಲ್ಲೇ. ಅಡಿಕೆ ಮರದ ಬುಡಕ್ಕೆ ಸೊಪ್ಪು, ಗೊಬ್ಬರ, ಮಣ್ಣು ಏರಿಸಿ ನಮಗೆ ಅಭ್ಯಾಸ. ಅಡಿಕೆ ಅದನ್ನು ತಾಳುತ್ತದೆ, ಬುಡದಿಂದಲೇ ಹೊಸ ಬೇರು ಬಿಡುತ್ತದೆ. ಇಲ್ಲಿನ ಮೇಪಲ್, ಚೆರಿ, ಡಾಗ್‌ವುಡ್ ಹಾಗಲ್ಲ. ಅವುಗಳ ಆಹಾರ ಹರಿಯುವುದು ತೊಗಟೆಯ ಒಳಪದರದಲ್ಲಿ. ಬುಡದ ತೊಗಟೆ ಸದಾ ಒದ್ದೆ ಇದ್ದರೆ ಅಲ್ಲೇ ಕೊಳೆ ಹತ್ತುತ್ತದೆ, ಚಳಿಗಾಲದಲ್ಲಿ ಇಲಿ ಜಾತಿಯ ವೋಲ್‌ಗಳು ಮರೆಯಲ್ಲಿ ಕೂತು ತೊಗಟೆ ತಿನ್ನುತ್ತವೆ. ಮರ ನೆಲ ಮುಟ್ಟುವಲ್ಲಿ ಬುಡ ಅಗಲವಾಗಿ ಬೇರಿಗೆ ತಿರುಗುತ್ತದಲ್ಲ, ಆ ಜಾಗ ಯಾವಾಗಲೂ ಬಿಸಿಲಿಗೆ ಕಾಣಬೇಕು. ಬುಡದಿಂದ ಆರು ಇಂಚು ದೂರ ಬಿಟ್ಟು, ಅಲ್ಲಿಂದ ಹೊರಕ್ಕೆ ರೆಂಬೆಯ ತುದಿಯವರೆಗೂ ಹಾಸಿದರೆ ಮರಕ್ಕೆ ಅದೇ ಹಬ್ಬ. ಗುಡ್ಡದ ಹಾಗೆ ಬುಡಕ್ಕೆ ಒತ್ತಿ ಹಾಕಿದ ಮರಗಳನ್ನು ಊರ ತುಂಬ ಕಾಣುತ್ತೀರಿ. ಅದನ್ನು ನೋಡಿ ಕಲಿಯಬೇಡಿ.

ಸದ್ದು ಬದಲಾಗಿ ಬಾರ್ಕ್ ಬರುವುದು ನಿಂತರೆ ಹೋಸ್ ಕಟ್ಟಿಕೊಂಡಿದೆ ಅಂತ ಅರ್ಥ. ಸಹಾಯ ಮಾಡಲು ಹೋಗಬೇಡಿ. ಒಳಗೆ ಒತ್ತಡ ಇರುತ್ತದೆ. ಜೋಡಣೆ ಬಿಚ್ಚಿದರೆ ಹೋಸ್ ಹಾವಿನಂತೆ ಚಿಮ್ಮಿ ಹೊಡೆಯಬಹುದು. ಬ್ಲೋವರ್ ಆರಿಸಿ, ಒತ್ತಡ ಇಳಿದ ಮೇಲೆ ಅವರೇ ಬಿಚ್ಚುತ್ತಾರೆ. ಕೆಲಸ ಮುಗಿಸುವಾಗಲೂ ಮೊದಲು ಬಾರ್ಕ್ ನಿಲ್ಲಿಸಿ, ಹೋಸ್ ಖಾಲಿಯಾಗುವವರೆಗೆ ಗಾಳಿ ಬಿಡುತ್ತಾರೆ. ಅಲ್ಲಿಯವರೆಗೆ ಹೋಸಿನ ಬಾಯಿಯ ಎದುರು ಯಾರೂ ನಿಲ್ಲಬಾರದು. ಇದನ್ನೇ ದಿನವಿಡೀ ಮಾಡುವವರ ಕಣ್ಣು, ಕಿವಿ, ಮೂಗಿಗೆ ರಕ್ಷಣೆ ಇದೆಯೇ ಎಂದೂ ನೋಡಿ. ಮಧ್ಯೆ ಒಂದು ಲೋಟ ತಣ್ಣನೆ ನೀರು ಕೊಡಿ.

ಮಕ್ಕಳು ಆಡುವ ಜಾಗ

ಉಯ್ಯಾಲೆ, ಜಾರುಬಂಡೆ ಕೆಳಗಿನ ಲೆಕ್ಕವೇ ಬೇರೆ. ಅಲ್ಲಿ ಹೊದಿಕೆ ಇರುವುದು ಮಣ್ಣಿಗಲ್ಲ, ಬೀಳುವ ಮಗುವಿಗೆ. ಬಾರ್ಕ್‌ಡಸ್ಟ್ ಅಲ್ಲಿ ಹಾಕಬೇಡಿ, ಸಿಬಿರು ಚುಚ್ಚುತ್ತದೆ. ಆಟದ ಜಾಗಕ್ಕೆಂದೇ ಮಾಡಿದ ಮರದ ಚಿಪ್ಸ್ ಸಿಗುತ್ತವೆ, ಅದನ್ನೂ ಇದೇ ಟ್ರಕ್‌ನಿಂದ ಊದುತ್ತಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ, ತನ್ನ ಕೈಪಿಡಿಯಲ್ಲಿ 10 ಅಡಿ ಎತ್ತರದಿಂದ ಬೀಳುವ ಸಾಧ್ಯತೆ ಇರುವಲ್ಲಿ ಮರದ ಚಿಪ್ಸ್ 9 ಇಂಚು ಇರಬೇಕು ಎನ್ನುತ್ತದೆ. ಈ 9 ಇಂಚು ತುಳಿದು ಕೂತ ಮೇಲಿನ ದಪ್ಪ. ಚಿಪ್ಸ್ ಕಾಲಕ್ರಮೇಣ ಕಡಿಮೆ ಎಂದರೂ ಕಾಲು ಭಾಗ ಕುಗ್ಗುತ್ತದೆ. ಆದ್ದರಿಂದ ಊದುವಾಗಲೇ 12 ಇಂಚು ಹಾಕಿಸಿ. ಉಯ್ಯಾಲೆ ಕೆಳಗೆ ಮಕ್ಕಳ ಕಾಲು ಉಜ್ಜಿ ಹೊಂಡ ಬೀಳುತ್ತದೆ. ಅದನ್ನು ಆಗಾಗ ರೇಕ್‌ನಿಂದ ಎಳೆದು ಮುಚ್ಚುತ್ತಿರಿ.

ಟ್ರಕ್ ಹೋದ ಮೇಲೆ

ಅವರು ಹೊರಡುವ ಮೊದಲು ಎಷ್ಟು ಯಾರ್ಡ್ ಹಾಕಿದರು ಎಂದು ಬರೆಸಿಕೊಳ್ಳಿ. ಊದಿದ ಬಾರ್ಕ್ ಹತ್ತಿಯಂತೆ ಉಬ್ಬಿರುತ್ತದೆ. ಒಂದೆರಡು ಮಳೆಗೆ ಕೂರುತ್ತದೆ. ಅವತ್ತು ಮೂರು ಗೆಣ್ಣು ಕಂಡದ್ದು ಮುಂದಿನ ತಿಂಗಳು ಎರಡಕ್ಕೆ ಬಂದರೆ ಮೋಸ ಎಂದುಕೊಳ್ಳಬೇಡಿ.

ಬೋರಲು ಹಾಕಿದ ಕುಂಡ ಎತ್ತಿ. ಎಲೆಗಳ ಮೇಲೆ ಕೂತದ್ದನ್ನು ಕೈಗವಸು ಹಾಕಿಕೊಂಡು ಮೆಲ್ಲಗೆ ಕೊಡವಿ. ಮರದ ಬುಡ ಒಂದೊಂದನ್ನೂ ಬಗ್ಗಿ ನೋಡಿ ಬಾರ್ಕ್ ಹಿಂದೆ ಎಳೆಯಿರಿ. ಇಟ್ಟಿಗೆ ಗೋಡೆಯ ಕೆಳಸಾಲಿನಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ, ಮುಚ್ಚಿದ್ದರೆ ಬಿಡಿಸಿ. ಕೊನೆಗೆ ಪೈಪಿನಲ್ಲಿ ನಾಜೂಕಾಗಿ ನೀರು ಚಿಮುಕಿಸಿ, ಧೂಳು ಅಡಗುತ್ತದೆ, ಬಾರ್ಕ್ ಕೂರುತ್ತದೆ. ದಾರಿ ಮೇಲೆ ಬಿದ್ದದ್ದನ್ನು ಗುಡಿಸಿ ಪಾತಿಗೇ ಹಾಕಿ, ನೀರು ಬಿಟ್ಟು ಚರಂಡಿಗೆ ತಳ್ಳಬೇಡಿ.

ಬೇಸಿಗೆಯಲ್ಲಿ ಈ ಬಾರ್ಕ್ ಒಣ ಕಟ್ಟಿಗೆಯೇ. ಒಂದು ಸಿಗರೇಟು ತುಂಡು ಬಿದ್ದರೆ ಒಳಗೊಳಗೇ ಹೊಗೆಯಾಡಿ ಗಂಟೆಗಳ ನಂತರ ಗೋಡೆಗೆ ಹತ್ತಬಹುದು. ಮನೆಗೆ ತಾಗಿದ ಐದು ಅಡಿಗೆ ಬಾರ್ಕ್ ಬದಲು ಜಲ್ಲಿ ಹಾಕಿಸುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದ ಅಗ್ನಿಶಾಮಕದವರು ಆ ಐದು ಅಡಿಯನ್ನು ಸೊನ್ನೆ ವಲಯ ಎಂದು ಕರೆದು ಸುಡುವ ವಸ್ತು ಇಡಬೇಡಿ ಅನ್ನುತ್ತಾರೆ. ನಾವು ಕಳೆದ ವರ್ಷ ಮನೆ ಸುತ್ತ ಹಾಗೆ ಮಾಡಿದೆವು. ಜುಲೈ 4ರ ಪಟಾಕಿ, ಬಾರ್ಬೆಕ್ಯೂ ಬೂದಿ, ದೀಪಾವಳಿಯ ಹಣತೆ, ಎಲ್ಲವೂ ಸಿಮೆಂಟಿನ ಮೇಲೆ ಮಾತ್ರ. ಅಕ್ಟೋಬರ್‌ನಲ್ಲಿ ಬಾರ್ಕ್ ಒದ್ದೆ ಇರುತ್ತದೆ ಎಂದು ಧೈರ್ಯ ಮಾಡಬೇಡಿ. ಮಾಡಿನ ಚಾಚಿನ ಕೆಳಗೆ ಮಳೆ ತಾಗದ ಒಣ ಪಟ್ಟಿ ಯಾವಾಗಲೂ ಉಳಿದಿರುತ್ತದೆ. ಹಣತೆ ಸಾಲು ಇಡುವುದೂ ಅಲ್ಲೇ.

ಇನ್ನೊಂದು ವಿಷಯ. ಅಂಗಳದಲ್ಲಿ ಬಿಸಿಲು ಬೀಳುವ ಒಂದು ಮೂಲೆಯನ್ನು, ಚಾಪೆಯಷ್ಟಾದರೂ, ಬರಿ ಮಣ್ಣಾಗಿಯೇ ಬಿಡಿ. ಇಲ್ಲಿಯದೇ ಮೂಲದ ಜೇನು ಜಾತಿಗಳಲ್ಲಿ ಹೆಚ್ಚಿನವು ಗೂಡು ಕಟ್ಟುವುದು ಮರದಲ್ಲಲ್ಲ, ನೆಲದಲ್ಲಿ ತೂತು ಕೊರೆದು. ಅವುಗಳಿಗೆ ಮೂರು ಇಂಚು ಬಾರ್ಕ್ ಸೀಳಿಕೊಂಡು ಒಳಗೆ ಹೋಗಲು ಆಗುವುದಿಲ್ಲ. ನಮ್ಮ ಹಿತ್ತಿಲಿನಲ್ಲಿ ಬೇಲಿ ಪಕ್ಕದ ದಕ್ಷಿಣದ ಮೂಲೆಗೆ ನಾಲ್ಕು ಬಾವುಟ ಚುಚ್ಚಿ, ಹೋಸ್ ಹಿಡಿದವರಿಗೆ ಮೊದಲೇ ತೋರಿಸಿಬಿಡುತ್ತೇನೆ.